ಕಿವಿ ನೋಡಿ, ಠೀವಿ ಆಮೇಲೆ

ಶಿವಮೊಗ್ಗದ ದಸರೆಯಲ್ಲಿ ಅಂಬಾರಿ ಹೊರುವುದು ಸಕ್ರೆಬೈಲಿನ ಆನೆ ಬಿಡಾರದ ಆನೆ. ಹಾಗಾಗಿ ನಮ್ಮೂರಿನ ಮಕ್ಕಳಿಗೆ ಮಾವುತ, ಕಾವಾಡಿ ಎಂಬ ಮಾತುಗಳು ಚೆನ್ನಾಗಿ ಗೊತ್ತು. ಕುದುರೆ ಸವಾರನಿಗಿರುವ ರಾವುತ ಎಂಬ ಹೆಸರು ಕೇಳಿದರೆ ಮಾತ್ರ ತಡವರಿಸುತ್ತಾರೆ. ಈ ಜಿಲ್ಲೆಯ ವೀರಗಲ್ಲುಗಳಲ್ಲಿ ಮಾತ್ರ ಕುದುರೆಯೇರಿದ ವೀರರು ಇನ್ನೂ ಇದ್ದಾರೆ. ಮಲೆನಾಡಿನ ಮಳೆ ಕುದುರೆಗೆ ಹಿತವಲ್ಲ. ಸದಾ ನೆನೆಯುವ ಗೊರಸು ಮೆತ್ತಗಾಗುತ್ತದೆ, ಕೆಸರಿನಲ್ಲಿ ನಿಂತರೆ ಅಡಿಭಾಗ ಕೊಳೆಯುತ್ತದೆ. ಅರಬ್ ನಾಡಿನಿಂದ ಭಟ್ಕಳದಂಥ ಬಂದರುಗಳಿಗೆ ಬಂದಿಳಿದ ಕುದುರೆಗಳನ್ನು ಘಟ್ಟ ಹತ್ತಿಸಿ ತಂದವರು ಅವುಗಳ ಲಾಯ ಒಣಗಿರುವಂತೆ ಎಷ್ಟು ಪಾಡುಪಟ್ಟಿರಬೇಕು!

ಮೆರವಣಿಗೆಯ ಕುದುರೆ ಕಂಡಾಗ ನಾವು ಜೀನು, ತುರಾಯಿ, ಸವಾರನ ಠೀವಿ ನೋಡುತ್ತೇವೆ. ನಾನು ಕಿವಿ ನೋಡಿ ಎನ್ನುತ್ತೇನೆ. ಕುದುರೆ ಬೇಟೆಗೆ ಬಲಿಯಾಗುವ ಪ್ರಾಣಿ. ಮೊದಲು ಓಡಿ ಆಮೇಲೆ ತಿರುಗಿ ನೋಡಿದವೇ ಬದುಕಿ ಉಳಿದವು. ತಲೆಯ ಎರಡು ಪಕ್ಕದಲ್ಲಿರುವ ಕಣ್ಣುಗಳಿಗೆ ಸುತ್ತಲಿನ ಸುಮಾರು 350 ಡಿಗ್ರಿಯಷ್ಟು ನೋಟ ಕಾಣುತ್ತದೆ. ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ ಮಾತ್ರ ಕುರುಡು. ಕಿವಿಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಬೇರೆ ಬೇರೆ ದಿಕ್ಕಿಗೆ ಹೊರಳುತ್ತವೆ, ಅದರ ಗಮನ ಎಲ್ಲಿದೆ ಎಂಬುದನ್ನು ಹೇಳುತ್ತವೆ.

ಇಂಥ ಪ್ರಾಣಿಯನ್ನು ಫಿರಂಗಿಯ ಸದ್ದಿನ ನಡುವೆ ನಿಲ್ಲಿಸುವುದು ಹೇಗೆ? ಮೈಸೂರು ದಸರೆಯ ಜಂಬೂಸವಾರಿಯಂದು 21 ಕುಶಾಲತೋಪು ಸಿಡಿಯುತ್ತವೆ. ಅದಕ್ಕಾಗಿ ಆನೆಗಳ ಜೊತೆಗೆ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳಿಗೂ ಮುಂಚಿತವಾಗಿ ತಾಲೀಮು ನಡೆಯುತ್ತದೆ. ಸದ್ದು ಬಂತು, ಏನೂ ಆಗಲಿಲ್ಲ. ಮತ್ತೆ ಬಂತು, ಈಗಲೂ ಏನೂ ಆಗಲಿಲ್ಲ. ಹೀಗೆ ಮರುಕಳಿಸಿದಂತೆ ಮಿದುಳು ಆ ಸದ್ದನ್ನು ಅಪಾಯದ ಪಟ್ಟಿಯಿಂದ ತೆಗೆದುಹಾಕುತ್ತದೆ. ಆದರೆ ಅವಸರ ಕೂಡದು. ತಾಳಲಾರದಷ್ಟು ದೊಡ್ಡ ಸದ್ದನ್ನು ಮೊದಲ ದಿನವೇ ಕೇಳಿಸಿದರೆ ಭಯ ಇಳಿಯುವ ಬದಲು ಏರುತ್ತದೆ, ಮುಂದೆ ತಟ್ಟೆ ಬಿದ್ದರೂ ಬೆದರುವಂತಾಗುತ್ತದೆ. ಪಳಗಿದ ಕುದುರೆಯೊಂದನ್ನು ಹೊಸದರ ಪಕ್ಕದಲ್ಲಿ ನಿಲ್ಲಿಸುವುದು ಬಹಳ ಒಳ್ಳೆಯ ಉಪಾಯ. ಹಿಂಡಿನ ಪ್ರಾಣಿಗೆ ನೆರೆಯವನ ನೆಮ್ಮದಿಗಿಂತ ದೊಡ್ಡ ಭರವಸೆಯಿಲ್ಲ.

ಹಾಗೆಂದು ಈ ಅಭ್ಯಾಸ ಎಲ್ಲ ಸದ್ದಿಗೂ ಕವಚವಾಗುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಲಂಡನ್ನಿನ ಕಟ್ಟಡದ ಕೆಲಸವೊಂದರಲ್ಲಿ ಮೇಲಿನಿಂದ ಸಾಮಗ್ರಿ ಕೆಳಕ್ಕೆ ಬಿದ್ದಾಗ, ಬ್ರಿಟನ್ನಿನ ರಾಜಪರಿವಾರದ ಅಶ್ವದಳದ ನುರಿತ ಕುದುರೆಗಳೇ ಸವಾರರನ್ನು ಕೆಡವಿ ಬೀದಿಬೀದಿ ಓಡಿದವು. ಆ ಕುದುರೆಗಳನ್ನು ಹಳಿಯಲು ನನಗೆ ಮನಸ್ಸಿಲ್ಲ.

ಇನ್ನು ಆಜ್ಞೆಯ ವಿಚಾರ. ಸವಾರ ಕಾಲಿನಿಂದ ಪಕ್ಕೆಯನ್ನು ಮೆಲ್ಲನೆ ಒತ್ತುತ್ತಾನೆ. ಕುದುರೆ ಹೆಜ್ಜೆಯಿಟ್ಟ ಕೂಡಲೇ ಒತ್ತಡ ಬಿಡುತ್ತಾನೆ. ಅದು ಕಲಿಯುವುದು ಒತ್ತಿದಾಗ ಅಲ್ಲ, ಬಿಟ್ಟಾಗ. ಬಿಡುವುದು ತಡವಾದರೆ ಪಾಠವೇ ಕೆಟ್ಟಿತು. ಕಲಿತಂತೆಲ್ಲ ಸನ್ನೆ ಚಿಕ್ಕದಾಗುತ್ತಾ ಹೋಗಿ ನೋಡುವವರ ಕಣ್ಣಿಗೆ ಕಾಣದಂತಾಗುತ್ತದೆ. ಎಷ್ಟು ಚಿಕ್ಕ ಸನ್ನೆಯನ್ನು ಕುದುರೆ ಹಿಡಿಯಬಲ್ಲದು? ಬರ್ಲಿನ್ನಿನ ಹಾನ್ಸ್ ಎಂಬ ಕುದುರೆ ಗೊರಸು ತಟ್ಟಿ ಲೆಕ್ಕ ಬಿಡಿಸುತ್ತದೆಂದು ಜನ ನಂಬಿದ್ದರು. 1907ರಲ್ಲಿ ಮನೋವಿಜ್ಞಾನಿ ಆಸ್ಕರ್ ಫುಂಗ್ಸ್ಟ್ ಪರೀಕ್ಷಿಸಿ ನೋಡಿದಾಗ ಗುಟ್ಟು ಹೊರಬಿತ್ತು. ಉತ್ತರದ ಸಂಖ್ಯೆ ಬಂದಾಗ ಪ್ರಶ್ನೆ ಕೇಳಿದವನ ತಲೆ ಅವನಿಗೇ ತಿಳಿಯದಂತೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಹಾನ್ಸ್ ಅದನ್ನು ಕಂಡು ನಿಲ್ಲಿಸುತ್ತಿತ್ತು. ಲೆಕ್ಕ ಬಾರದಿದ್ದರೇನು, ನನಗೆ ಅದು ಗಣಿತಕ್ಕಿಂತ ದೊಡ್ಡ ವಿದ್ಯೆ.

ಬ್ರಿಟನ್ನಿನ ಅದೇ ಅಶ್ವದಳದಲ್ಲಿ ಬೆಳ್ಳಿಯ ನಗಾರಿ ಹೊರುವ ಕುದುರೆಯೊಂದಿರುತ್ತದೆ. ಸವಾರನ ಎರಡು ಕೈಯೂ ನಗಾರಿ ಬಾರಿಸುವುದರಲ್ಲಿರುವುದರಿಂದ ಲಗಾಮನ್ನು ಅವನ ಕಾಲಿಗೆ ಜೋಡಿಸುತ್ತಾರೆ. ನಮ್ಮಲ್ಲಿ ಕುದುರೆ ಪಳಗಿಸುವ ವಿದ್ಯೆಯನ್ನು ಉಳಿಸಿಕೊಂಡಿರುವುದು ಜೈಪುರದಲ್ಲಿರುವ ಸೇನೆಯ 61ನೆಯ ಅಶ್ವದಳ. ಸಂಸ್ಥಾನಗಳ ಕುದುರೆ ಪಡೆಗಳಲ್ಲಿ ಉಳಿದಿದ್ದವರನ್ನು ಕೂಡಿಸಿ 1953ರಲ್ಲಿ ಅದನ್ನು ಕಟ್ಟಿದರು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಜೋಧಪುರದ ಪಡೆಯ ಜೊತೆಗೂಡಿ ಗೆದ್ದ ಮೈಸೂರು ಲ್ಯಾನ್ಸರ್ಸ್ ಪಡೆಯೂ ಅದರಲ್ಲಿ ಸೇರಿತು.

ಮುಂದಿನ ದಸರೆಯಲ್ಲಿ ತೋಪು ಸಿಡಿದಾಗ ಗಮನಿಸಿ. ಕಿವಿಗಳು ತಲೆಗೆ ಅಂಟಿಕೊಂಡಿದ್ದರೆ ಅದು ಸಿಟ್ಟು. ಸದ್ದಿನತ್ತ ನೆಟ್ಟು ನಿಂತೇಬಿಟ್ಟರೆ ಕಾಲು ಓಡಲು ಸಿದ್ಧವಾಗುತ್ತಿದೆ. ಒಂದು ಕಿವಿ ತೋಪಿನತ್ತ ಹೊರಳಿ, ಇನ್ನೊಂದು ಸಡಿಲವಾಗಿ ಹಿಂದಕ್ಕೆ ತಿರುಗಿದ್ದರೆ, ಅದು ಸವಾರನ ಕಡೆಗೆ.