ಸಂಬಂಧದಲ್ಲೇ ಮದುವೆ: ಬಸಿರಿಗೆ ಮೊದಲು ಯಾವ ರಕ್ತಪರೀಕ್ಷೆ ಮಾಡಿಸಬೇಕು?

ಪ್ರಶ್ನೆ: ನನ್ನ ಹೆಂಡತಿ ಸೋದರಮಾವನ ಮಗಳು. ಇಬ್ಬರೂ ಆರೋಗ್ಯವಾಗಿದ್ದೇವೆ, ಮನೆತನದಲ್ಲಿ ಯಾರಿಗೂ ಕಾಯಿಲೆಯಿಲ್ಲ. ಆದರೂ ಜೆನೆಟಿಕ್ ಪರೀಕ್ಷೆ ಬೇಕೇ?
– ಓದುಗರು, ಮದ್ದೂರು

ಉತ್ತರ: ಬೇಕು, ಅದೂ ಬಸಿರಿಗೆ ಮೊದಲೇ. ಎಲ್ಲರಲ್ಲೂ ಕೆಲವು ಜೀನ್‌ಗಳ ಒಂದು ಪ್ರತಿ ಕೆಟ್ಟಿರುತ್ತದೆ. ಇನ್ನೊಂದು ಪ್ರತಿ ಸರಿಯಿರುವುದರಿಂದ ತೊಂದರೆ ಕಾಣುವುದಿಲ್ಲ. ಇಂಥವರು ವಾಹಕರು. ಗಂಡ ಹೆಂಡತಿ ಇಬ್ಬರೂ ಒಂದೇ ಕಾಯಿಲೆಯ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಆ ಕಾಯಿಲೆ ಬರುವ ಸಾಧ್ಯತೆ ಶೇ 25. ಮೊದಲ ಮಗು ಚೆನ್ನಾಗಿದೆ ಎಂದು ಎರಡನೆಯದಕ್ಕೆ ಅದು ಇಳಿಯುವುದಿಲ್ಲ. ನಿಮ್ಮಿಬ್ಬರ ಜೀನ್‌ಗಳಲ್ಲಿ ಸುಮಾರು ಎಂಟನೇ ಒಂದು ಪಾಲು ಸಮಾನ; ಅಕ್ಕನ ಮಗಳನ್ನು ಮದುವೆಯಾದವರಲ್ಲಿ ನಾಲ್ಕನೇ ಒಂದು. ಹಾಗಾಗಿ ಒಂದೇ ಕೆಟ್ಟ ಪ್ರತಿ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಹಾಗೆಂದು ಗಾಬರಿ ಬೇಡ, ಇಂಥ ದಂಪತಿಗಳ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ.

ಲ್ಯಾಬಿಗೆ ಹೋಗುವ ಮೊದಲು ಅಜ್ಜಿಯ ಹತ್ತಿರ ಕೂತು ಮೂರು ತಲೆಮಾರಿನ ಪಟ್ಟಿ ಬರೆದುಕೊಳ್ಳಿ. ಎಳೆಯದರಲ್ಲೇ ತೀರಿಕೊಂಡ ಕೂಸು, ಹುಟ್ಟು ಕಿವುಡು, ಪದೇ ಪದೇ ರಕ್ತ ಹಾಕಿಸಿಕೊಂಡವರು – ಇವನ್ನು ಮನೆಯವರು ‘ಕಾಯಿಲೆ’ ಎಂದು ಲೆಕ್ಕಕ್ಕೇ ಹಿಡಿದಿರುವುದಿಲ್ಲ.

ಮೊದಲ ಪರೀಕ್ಷೆ ಅಗ್ಗದ್ದು: ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ. ಅದರಲ್ಲಿ ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 80ಕ್ಕಿಂತ ಅಥವಾ ಎಂಸಿಎಚ್ (ಕಣವೊಂದರ ಸರಾಸರಿ ಹಿಮೋಗ್ಲೋಬಿನ್) 27ಕ್ಕಿಂತ ಕಡಿಮೆಯಿದ್ದರೆ ಎಚ್‌ಪಿಎಲ್‌ಸಿ, ಅಂದರೆ ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ, ಮಾಡಿಸಲೇಬೇಕು. ಅದರಲ್ಲಿ ಹಿಮೋಗ್ಲೋಬಿನ್ ಎ2 ಶೇ 3.5 ದಾಟಿದರೆ ಬೀಟಾ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ರಕ್ತದ ಕಾಯಿಲೆ) ವಾಹಕರಿರಬಹುದು. ಎಡವಟ್ಟಾಗುವುದು ಇಲ್ಲೇ. ‘ರಕ್ತ ಕಮ್ಮಿ’ ಎಂದು ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಎಂಸಿವಿ ಏರದವರಲ್ಲಿ ಎಷ್ಟೋ ಮಂದಿ ವಾಹಕರೇ. ಇನ್ನೊಂದು ಕಡೆ, ನಿಜವಾದ ಕಬ್ಬಿಣದ ಕೊರತೆ ಎ2 ಅಂಕಿಯನ್ನು ತಗ್ಗಿಸಿ ವಾಹಕರನ್ನು ಮರೆಮಾಡಬಲ್ಲದು. ಅದಕ್ಕೇ ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಕೂಡ ನೋಡಿಸಿ. ಕೊರತೆಯಿದ್ದರೆ ಸರಿಪಡಿಸಿ ಮತ್ತೆ ಪರೀಕ್ಷಿಸಿ. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಮೂರು ತಿಂಗಳು ಕಾಯಿರಿ. ಹೆಗ್ಗಡದೇವನಕೋಟೆ, ಹುಣಸೂರಿನ ಬುಡಕಟ್ಟು ಹಾಡಿಗಳ ಕುಟುಂಬಗಳಿಗೆ ಮುಖ್ಯವಾದ ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆ) ಕೂಡ ಇದೇ ಎಚ್‌ಪಿಎಲ್‌ಸಿಯಲ್ಲಿ ಸಿಗುತ್ತದೆ.

ಸಂಬಂಧದಲ್ಲಿ ಮದುವೆಯಾದ ನಿಮಗೆ ಇಷ್ಟೇ ಸಾಲದು. ಇಬ್ಬರ ರಕ್ತವನ್ನೂ ಒಟ್ಟಿಗೆ ಒಂದೇ ಲ್ಯಾಬಿಗೆ ಎಕ್ಸೋಮ್ ಆಧಾರಿತ (ಸಾವಿರಾರು ಜೀನ್‌ಗಳನ್ನು ಒಮ್ಮೆಲೇ ಓದುವ) ವಾಹಕ ಪರೀಕ್ಷೆಗೆ ಕೊಡಿ. ಹೆಂಡತಿಯೊಬ್ಬಳನ್ನೇ ಕಳಿಸಬೇಡಿ. ಸ್ನಾಯುಗಳು ಸೊರಗುವ ಎಸ್‌ಎಂಎ ಎಂಬ ಆನುವಂಶಿಕ ಕಾಯಿಲೆ ಅದರಲ್ಲಿ ಸೇರಿದೆಯೇ ಎಂದು ಕೇಳಿ. ಇಲ್ಲದಿದ್ದರೆ ಜೀನ್‌ನ ಪ್ರತಿಗಳನ್ನು ಎಣಿಸುವ ಎಂಎಲ್‌ಪಿಎ ಪರೀಕ್ಷೆ ಬೇರೆಯಾಗಿ ಬೇಕು. ಮನೆತನದಲ್ಲಿ ಕಾಯಿಲೆಯ ಮಗುವಿದ್ದರೆ ಮೊದಲು ಆ ಮಗುವಿನದೇ ಪರೀಕ್ಷೆಯಾಗಲಿ. ವರದಿಯನ್ನು ಜೆನೆಟಿಕ್ ಕೌನ್ಸೆಲಿಂಗ್‌ನಲ್ಲಿ (ತಜ್ಞರ ಆನುವಂಶಿಕ ಸಲಹೆ) ಓದಿಸಿ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಲ್ಲಿ ಈ ಸೌಲಭ್ಯವಿದೆ. ‘ಅರ್ಥ ಖಚಿತವಿಲ್ಲದ ಬದಲಾವಣೆ’ ಎಂದು ಬಂದರೆ ಅದೊಂದನ್ನೇ ನಂಬಿ ಯಾವ ತೀರ್ಮಾನಕ್ಕೂ ಬರಬೇಡಿ.

ಇಬ್ಬರೂ ಒಂದೇ ಕಾಯಿಲೆಯ ವಾಹಕರೆಂದು ತಿಳಿದರೆ, ಮುಟ್ಟು ನಿಂತ ಕೂಡಲೇ ವೈದ್ಯರಿಗೆ ತಿಳಿಸಿ. ಮಗುವಿಗೆ ಕಾಯಿಲೆಯಿದೆಯೇ ಎಂದು ತಿಳಿಯಲು ಬಸಿರಿನ 11ರಿಂದ 13 ವಾರದೊಳಗೆ ಸಿವಿಎಸ್ (ಮಾಸುಚೀಲದ ಚೂರು ತೆಗೆದು ಮಾಡುವ ಪರೀಕ್ಷೆ), ತಪ್ಪಿದರೆ 16ನೇ ವಾರದ ಹೊತ್ತಿಗೆ ಆಮ್ನಿಯೋಸೆಂಟೆಸಿಸ್ (ಮಗುವಿನ ಸುತ್ತಲಿನ ನೀರು ತೆಗೆದು ಮಾಡುವ ಪರೀಕ್ಷೆ) ಮಾಡಬಹುದು. ಇಬ್ಬರ ಜೀನ್ ದೋಷವೂ ಯಾವುದೆಂದು ಮೊದಲೇ ಗೊತ್ತಿದ್ದರೆ ಮಾತ್ರ ಲ್ಯಾಬಿಗೆ ಏನು ಹುಡುಕಬೇಕೆಂದು ತಿಳಿಯುತ್ತದೆ.