ಕೌದಿಯಂಥ ಚಿಪ್ಪು, ಒಳಗೆ ನೂರು ವಿಷ

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ಕವಡೆ, ಶಂಖ ಮಾರುವವರ ಮುಂದೆ ನಿಂತು ನೋಡದ ಮಕ್ಕಳು ಕಡಿಮೆ. ಕಡಲು ನಮ್ಮಿಂದ ನೂರಾರು ಕಿಲೋಮೀಟರ್ ದೂರ, ಅದಕ್ಕೇ ಅದರ ವಸ್ತುಗಳ ಮೇಲೆ ನಮಗೆ ಆಸೆ ಜಾಸ್ತಿ. ಅಂಥ ಚಿಪ್ಪುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಕೋನಸ್ ಟೆಕ್ಸ್‌ಟೈಲ್ ಎಂಬ ಕಡಲ ಬಸವನಹುಳುವಿನದು. ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪು. ಮೈತುಂಬ ಬಿಳಿ ತ್ರಿಕೋನಗಳು, ನಡುವೆ ಕಂದು, ಹಳದಿ ಗೆರೆಗಳು. ನಮ್ಮ ಅಜ್ಜಿಯರು ತುಂಡು ಬಟ್ಟೆ ಜೋಡಿಸಿ ಹೊಲಿದ ಕೌದಿಯೇ ಸರಿ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇದಕ್ಕೆ ಹೆಸರಿಟ್ಟ. ಹಿಂದೂ ಮಹಾಸಾಗರದಿಂದ ಪೆಸಿಫಿಕ್‌ವರೆಗೆ, ಬೆಚ್ಚನೆಯ ನೀರಿನಲ್ಲಿ ಇದರ ವಾಸ.

ಚಿಪ್ಪಿನ ಮೂಲವಸ್ತು ನಮಗೆ ಹೊಸದಲ್ಲ. ಮನೆಯ ನೆಲಕ್ಕೆ ಹಾಸಿದ ಶಹಾಬಾದಿ ಫರ್ಸಿಯಲ್ಲಿ ಇರುವುದೂ ಮುಖ್ಯವಾಗಿ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಆ ಕಲ್ಲು ಕೂಡ ಕಡಲ ತಳದಲ್ಲೇ ಹುಟ್ಟಿದ್ದು, ಚಿಪ್ಪಿನ ಪ್ರಾಣಿಗಳು ಇನ್ನೂ ಬಂದಿರದ ಕಾಲದಲ್ಲಿ. ಬಸವನಹುಳು ತನ್ನ ಚಿಪ್ಪನ್ನು ಅಂಚಿನಲ್ಲಿ ಮಾತ್ರ ಬೆಳೆಸುತ್ತದೆ, ಒಂದು ಗೆರೆಯ ಪಕ್ಕ ಇನ್ನೊಂದು ಗೆರೆ. ಹಿಂದಿನ ಗೆರೆಯಲ್ಲಿ ಬಣ್ಣ ಎಲ್ಲಿತ್ತು ಅನ್ನುವುದರ ಮೇಲೆ ಮುಂದಿನ ಗೆರೆಯ ಬಣ್ಣ ನಿಲ್ಲುತ್ತದೆ ಎಂದು 1986ರಲ್ಲಿ ಎರ್ಮೆಂಟ್ರಾಟ್, ಕ್ಯಾಂಪ್‌ಬೆಲ್, ಆಸ್ಟರ್ ಎಂಬ ಮೂವರು ವಿಜ್ಞಾನಿಗಳು ಗಣಿತದ ಮೂಲಕ ವಿವರಿಸಿದರು. ಸಣ್ಣ ನಿಯಮ ಮತ್ತೆ ಮತ್ತೆ ನಡೆದರೆ ಸಾಕು, ತ್ರಿಕೋನಗಳು ತಾವಾಗಿಯೇ ಮೂಡುತ್ತವೆ.

ಇನ್ನು ಒಳಗಿರುವ ಪ್ರಾಣಿ. ಇದು ಹಗಲು ಮರಳಲ್ಲಿ, ಕಲ್ಲಿನಡಿ ಅಡಗಿದ್ದು ರಾತ್ರಿ ಬೇಟೆಗೆ ಹೊರಡುತ್ತದೆ. ತಿನ್ನುವುದು ಬೇರೆ ಬಸವನಹುಳುಗಳನ್ನು. ನೀರಿನಲ್ಲಿ ಬೇಟೆಯ ವಾಸನೆ ಹಿಡಿದು ಮೆಲ್ಲಗೆ ಹತ್ತಿರ ಹೋಗಿ ಸೊಂಡಿಲು ಚಾಚುತ್ತದೆ. ಅದರ ತುದಿಯಲ್ಲಿ ಒಂದು ಟೊಳ್ಳು ಹಲ್ಲು, ಮುಳ್ಳಿರುವ ಸಣ್ಣ ಈಟಿ. ಉದ್ದನೆಯ ನಾಳದಲ್ಲಿ ತಯಾರಾದ ವಿಷವನ್ನು ಸ್ನಾಯುವಿನ ಚೀಲವೊಂದು ಒತ್ತಿ ಆ ಹಲ್ಲಿನೊಳಗೆ ನುಗ್ಗಿಸುತ್ತದೆ. ಒಂದು ಹಲ್ಲು ಒಂದೇ ಸಲಕ್ಕೆ. ಆಮೇಲೆ ಹೊಸದು. ಒಂದೇ ಬೇಟೆಗೆ ಹಲವು ಸಲ ಚುಚ್ಚುವುದೂ ಉಂಟು.

ಮನುಷ್ಯರಿಗೂ ಇದು ಅಪಾಯ. ಆದರೆ ಜಾಸ್ತಿ ಜೀವ ತೆಗೆದದ್ದು ಇದರ ಬಳಗದ, ಮೀನು ತಿನ್ನುವ ಕೋನಸ್ ಜಿಯೋಗ್ರಾಫಸ್. ತೊಗರಿ ಹೊಲದಲ್ಲಿ ನಾಗರಹಾವು ಕಚ್ಚಿದರೆ ಆಸ್ಪತ್ರೆಯಲ್ಲಿ ಹಾವಿನ ಇಂಜೆಕ್ಷನ್ ಇರುತ್ತದೆ. ಈ ಹುಳುವಿನ ವಿಷಕ್ಕೆ ಅಂಥ ಮದ್ದು ಇಲ್ಲ. ಉಸಿರಾಟ ನಿಲ್ಲದಂತೆ ವೆಂಟಿಲೇಟರ್‌ನಲ್ಲಿ ಕಾಯಬೇಕು. ಲಕ್ಷದ್ವೀಪಕ್ಕೋ ಅಂಡಮಾನಿಗೋ ಪ್ರವಾಸ ಹೋಗುವವರು ನೀರಿನಲ್ಲಿ ಕಂಡ ಚೆಂದದ ಚಿಪ್ಪನ್ನು ಎತ್ತಿ ಜೇಬಿಗೆ ಹಾಕಿಕೊಳ್ಳಲೇಬೇಡಿ.

ವಿಷ ಅಂದರೆ ಒಂದೇ ವಸ್ತು ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಒಂದೊಂದು ಜಾತಿಯ ಹುಳುವಿನಲ್ಲೂ ನೂರಕ್ಕೂ ಹೆಚ್ಚು ಪುಟ್ಟ ಪ್ರೋಟೀನ್ ತುಣುಕುಗಳಿವೆ. ನರಕೋಶದ ಮೇಲೆ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಓಡಾಡುವ ದಾರಿಗಳಿರುತ್ತವೆ. ಒಂದೊಂದು ತುಣುಕು ಅವುಗಳಲ್ಲಿ ಒಂದು ಬಗೆಯ ದಾರಿಯನ್ನು ಹುಡುಕಿ ಹಿಡಿಯುತ್ತದೆ, ಉಳಿದವನ್ನು ಸುಮ್ನೆ ಬಿಡುತ್ತದೆ. ಈ ನಿಖರತೆಯೇ ವೈದ್ಯರಿಗೆ ಬೇಕಾದದ್ದು. ಫಿಲಿಪ್ಪೀನ್ಸ್‌ನ ವಿಜ್ಞಾನಿ ಬಾಲ್ಡೊಮೆರೊ ಒಲಿವೆರಾ ಈ ವಿಷಗಳ ಬೆನ್ನು ಹತ್ತಿದರು. ಮುಂದೆ ಅಮೆರಿಕದ ಯೂಟಾದಲ್ಲಿ ಅವರ ವಿದ್ಯಾರ್ಥಿ ಮೈಕೆಲ್ ಮ್ಯಾಕಿಂಟಾಶ್, ಕೋನಸ್ ಮ್ಯಾಗಸ್ ಎಂಬ ಹುಳುವಿನಿಂದ 25 ಅಮೈನೋ ಆಮ್ಲಗಳ (ಪ್ರೋಟೀನ್ ಕಟ್ಟುವ ಸಣ್ಣ ಘಟಕಗಳ) ಒಂದು ತುಣುಕನ್ನು ಬೇರ್ಪಡಿಸಿದರು. ಅದು ನೋವಿನ ಸುದ್ದಿ ಬೆನ್ನುಹುರಿಯಲ್ಲಿ ಮುಂದೆ ಹೋಗದಂತೆ ತಡೆಯುತ್ತದೆ. ಅದನ್ನೇ ಪ್ರಯೋಗಾಲಯದಲ್ಲಿ ತಯಾರಿಸಿದ ಜಿಕೊನೊಟೈಡ್ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮಾರ್ಫಿನ್‌ನಂತೆ ಇದು ಚಟ ಹಿಡಿಸುವುದಿಲ್ಲ. ಆದರೆ ಬೆನ್ನುಹುರಿಯ ದ್ರವಕ್ಕೆ ಪಂಪಿನಿಂದಲೇ ಕೊಡಬೇಕು, ಮನಸ್ಸು ಗೊಂದಲವಾಗುವಂಥ ಅಡ್ಡಪರಿಣಾಮಗಳೂ ಇವೆ. ಹಾಗಾಗಿ ಬೇರೆ ಮದ್ದಿಗೆ ಬಗ್ಗದ ನೋವಿಗಷ್ಟೇ ಇದರ ಬಳಕೆ.

ಜಿಯೋಗ್ರಾಫಸ್ ಇನ್ನೂ ವಿಚಿತ್ರ. ಅದು ನೀರಿಗೆ ಇನ್ಸುಲಿನ್ ಬಿಡುತ್ತದೆ ಎಂದು 2015ರಲ್ಲಿ ತಿಳಿದುಬಂತು. ಹತ್ತಿರದ ಮೀನುಗಳ ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಇಳಿದು ಅವು ಮಂಕಾಗುತ್ತವೆ, ಹುಳು ಬಾಯಿ ತೆರೆದು ನುಂಗುತ್ತದೆ. ಅದರ ಇನ್ಸುಲಿನ್ ನಮ್ಮದಕ್ಕಿಂತ ಬೇಗ ಕೆಲಸ ಶುರು ಮಾಡುವಂಥದ್ದು. ಆ ಗುಣವನ್ನು ಮನುಷ್ಯರ ಇನ್ಸುಲಿನ್‌ಗೆ ಸೇರಿಸಿ 2020ರಲ್ಲಿ ವಿಜ್ಞಾನಿಗಳು ಒಂದು ಪುಟ್ಟ ಇನ್ಸುಲಿನ್ ರೂಪಿಸಿದರು. ಇಲಿಗಳಲ್ಲಿ ಅದು ಸಕ್ಕರೆ ಇಳಿಸಿತು.