ಎರಡು ಕಾರ್ಬುರೇಟರ್ ಸಮ ಮಾಡುವುದು: ಮನೆಯಲ್ಲೇ ಬೈಕ್ ಕೆಲಸ ಕಲಿಯುವವರಿಗೆ ಟಿಪ್ಪಣಿ

ನಮ್ಮ ರಸ್ತೆಗಳಲ್ಲಿ ಓಡಾಡುವ ಬೈಕುಗಳಲ್ಲಿ ಹೆಚ್ಚಿನವು ಸಿಂಗಲ್ ಸಿಲಿಂಡರ್. ಅವಕ್ಕೆ ಈ ಪಾಠ ಬೇಕಿಲ್ಲ. ಸೈಲೆನ್ಸರ್ ಎಣಿಸಿ ಮೋಸ ಹೋಗಬೇಡಿ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ರೋಡ್‌ಕಿಂಗ್‌ಗೆ ಎರಡು ಸೈಲೆನ್ಸರ್ ಇದ್ದರೂ ಸಿಲಿಂಡರ್ ಒಂದೇ, ಕಾರ್ಬುರೇಟರೂ (ಗಾಳಿ, ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಒಂದೇ. ಆದರೆ ನಿಮ್ಮ ಹತ್ತಿರ ರಾಜ್‌ದೂತ್ 350 ಇದ್ದರೆ, ಅಂದರೆ ಎಲ್ಲರೂ ಆರ್‌ಡಿ ಅನ್ನುವ ಗಾಡಿ, ಅಥವಾ 2009ರಲ್ಲಿ ಭಾರತಕ್ಕೆ ಬಂದ ನಿಂಜಾ 250ಆರ್ ಇದ್ದರೆ, ಮುಂದೆ ಓದಿ. ಇವಕ್ಕೆ ಸಿಲಿಂಡರಿಗೊಂದು ಕಾರ್ಬುರೇಟರ್. ಎರಡೂ ಒಂದೇ ಅಳತೆಗೆ ತೆರೆದುಕೊಳ್ಳಬೇಕು. ಹಾಗೆ ಮಾಡುವುದನ್ನೇ ಸಿಂಕ್ ಮಾಡುವುದು, ಬ್ಯಾಲೆನ್ಸ್ ಮಾಡುವುದು ಅನ್ನುತ್ತಾರೆ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಸಿಂಕ್ ಮಾಡುವುದು ಗಾಳಿಯ ಕೆಲಸ, ಪೆಟ್ರೋಲಿನ ಕೆಲಸ ಅಲ್ಲ. ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಕಟ್ಟಿಕೊಂಡಿದ್ದರೆ, ಕಾರ್ಬುರೇಟರ್ ಒಳಗಿನ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ತಪ್ಪಿದ್ದರೆ, ಮಿಕ್ಸ್ಚರ್ ಸ್ಕ್ರೂ ಯಾರೋ ಸುಮ್ನೆ ತಿರುಗಿಸಿದ್ದರೆ ಸಿಂಕ್ ಅದನ್ನು ಸರಿ ಮಾಡುವುದಿಲ್ಲ. ಸಿಂಕ್ ಮಾಡುವುದು ಒಂದನ್ನೇ: ಎರಡೂ ಸಿಲಿಂಡರ್ ಸಮನಾಗಿ ಗಾಳಿ ಎಳೆಯುವ ಹಾಗೆ ಎರಡೂ ಕಾರ್ಬುರೇಟರ್ ಒಳಗಿನ ಗಾಳಿಯ ಬಾಗಿಲನ್ನು ಒಂದೇ ಸಂದಿಗೆ ತರುವುದು.

ಈ ಸಂದಿ ಐಡ್ಲಿಂಗ್‌ನಲ್ಲಿ ಕೂದಲೆಳೆಯಷ್ಟು. ಅಷ್ಟು ಸಣ್ಣ ಜಾಗದಲ್ಲಿ ಚೂರು ವ್ಯತ್ಯಾಸ ಇದ್ದರೂ ಒಂದು ಸಿಲಿಂಡರಿಗೆ ಗಾಳಿ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಫುಲ್ ಥ್ರಾಟಲ್‌ನಲ್ಲಿ ಅದೇ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಅದಕ್ಕೇ ಸಿಂಕ್ ತಪ್ಪಿದ ಗಾಡಿ ಹೈವೇಯಲ್ಲಿ ಚೆನ್ನಾಗಿ ಓಡುತ್ತದೆ, ಸಿಗ್ನಲ್‌ನಲ್ಲಿ ಅದುರುತ್ತದೆ. ನಿಧಾನಕ್ಕೆ ಹೋಗುವಾಗ ಜರ್ಕ್ ಹೊಡೆಯುತ್ತದೆ. ರೇಸ್ ಕೊಟ್ಟು ಬಿಟ್ಟರೆ ಐಡ್ಲಿಂಗ್ ಬೇಗ ಇಳಿಯುವುದಿಲ್ಲ. ತಣ್ಣಗಿರುವ ಗಾಡಿಯನ್ನು ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತಿಗೆ ಎಂಜಿನ್‌ನಿಂದ ಸೈಲೆನ್ಸರ್‌ಗೆ ಹೋಗುವ ಎರಡೂ ಬೆಂಡ್ ಪೈಪ್ ಮೇಲೆ ಒಂದೊಂದು ಹನಿ ನೀರು ಬಿಡಿ. ಒಂದು ಕಡೆ ಚುರ್ರ್ ಅಂದು ಹಾರಿ, ಇನ್ನೊಂದು ಕಡೆ ನಿಧಾನಕ್ಕೆ ಆರಿದರೆ ಎರಡೂ ಸಿಲಿಂಡರ್ ಒಂದೇ ಸಮ ದುಡಿಯುತ್ತಿಲ್ಲ ಎಂದು ಅರ್ಥ. ಕಾರಣ ಸಿಂಕ್ ಇರಬಹುದು, ಪ್ಲಗ್ ಇರಬಹುದು, ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಕೂಡ ಇರಬಹುದು.

ಹಾಗಾಗಿ ಸಿಂಕ್ ಯಾವಾಗಲೂ ಕೊನೆಯ ಕೆಲಸ. ಅದಕ್ಕೂ ಮುಂಚೆ ಟ್ಯಾಪೆಟ್ (ವಾಲ್ವ್‌ನ ಸಂದಿ ಹೊಂದಿಸುವುದು), ಪ್ಲಗ್, ಏರ್ ಫಿಲ್ಟರ್, ಕಾರ್ಬುರೇಟರ್ ಕ್ಲೀನಿಂಗ್ ಎಲ್ಲ ಮುಗಿದಿರಬೇಕು. ಇದರಲ್ಲಿ ಟ್ಯಾಪೆಟ್ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕು. ಒಂದು ಸಿಲಿಂಡರಿನ ವಾಲ್ವ್ ಬಿಗಿಯಾಗಿ ಪೂರ್ತಿ ಮುಚ್ಚಿಕೊಳ್ಳದಿದ್ದರೆ ಅಲ್ಲಿ ವ್ಯಾಕ್ಯೂಮ್, ಅಂದರೆ ಪಿಸ್ಟನ್ ಗಾಳಿ ಎಳೆಯುವ ಸೆಳೆತ, ಇಳಿಯುತ್ತದೆ. ನೀವು ಅದನ್ನು ನೋಡಿ ಕಾರ್ಬುರೇಟರ್ ಸ್ಕ್ರೂ ತಿರುಗಿಸಿ ಸಮ ಮಾಡಿದರೆ ರೋಗವನ್ನು ಮುಚ್ಚಿಟ್ಟ ಹಾಗೆ. ರೀಡಿಂಗ್ ಸರಿ ಕಾಣುತ್ತದೆ, ವಾಲ್ವ್ ಒಳಗೇ ಸುಡುತ್ತಿರುತ್ತದೆ. ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಕೂಡ ಹೀಗೆಯೇ. ಬಿಸಿಗೆ ಅದು ಒಣಗಿ ಬಿರುಕು ಬಿಡುತ್ತದೆ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆ ರಬ್ಬರ್ ಸುತ್ತ ಸೋಪಿನ ನೀರು ಸ್ವಲ್ಪ ಸಿಂಪಡಿಸಿ. ಶಬ್ದ ಬದಲಾದರೆ ಅಲ್ಲಿಂದ ಕಳ್ಳಗಾಳಿ ಒಳಗೆ ಹೋಗುತ್ತಿದೆ. ರಬ್ಬರ್ ಬದಲಾಯಿಸದೆ ಮುಂದಿನ ಹೆಜ್ಜೆ ಇಡಬೇಡಿ.

ಅಳೆಯುವ ಸಾಧನ

ಅಂಗಡಿಯಲ್ಲಿ ಮುಳ್ಳಿನ ವ್ಯಾಕ್ಯೂಮ್ ಗೇಜ್ ಸೆಟ್ ಸಿಗುತ್ತದೆ. ಹಳೇ ವರ್ಕ್‌ಶಾಪ್‌ಗಳಲ್ಲಿ ಪಾದರಸದ ಕೊಳವೆಗಳಿದ್ದವು. ಪಾದರಸ ವಿಷ, ಮನೆಗೆ ತರುವುದೇ ಬೇಡ. ಅಗ್ಗದ ಮುಳ್ಳಿನ ಗೇಜ್‌ಗಳ ಕಷ್ಟ ಬೇರೆ. ಎರಡು ಗೇಜ್ ಒಂದೇ ವ್ಯಾಕ್ಯೂಮ್‌ಗೆ ಒಂದೇ ಅಂಕಿ ತೋರಿಸುತ್ತವೆ ಎಂಬ ಖಾತ್ರಿ ಇಲ್ಲ. ಮೊದಲು ಟೀ ಜಾಯಿಂಟ್ ಹಾಕಿ ಎರಡನ್ನೂ ಒಂದೇ ಸಿಲಿಂಡರಿಗೆ ಜೋಡಿಸಿ ನೋಡಬೇಕಾಗುತ್ತದೆ.

ಇದಕ್ಕಿಂತ ಒಳ್ಳೆಯ ಸಾಧನ ಹಾರ್ಡ್‌ವೇರ್ ಅಂಗಡಿಯಲ್ಲಿದೆ. ಗಾರೆ ಕೆಲಸದವರು ಗೋಡೆಯ ಮಟ್ಟ ನೋಡಲು ನೀರು ತುಂಬಿ ಹಿಡಿಯುತ್ತಾರಲ್ಲ, ಆ ತರಹದ ಪಾರದರ್ಶಕ ಪೈಪ್. ಆದಷ್ಟು ಸಣ್ಣ ತೂತಿನದು ತನ್ನಿ, ಐದಾರು ಮೀಟರ್ ಸಾಕು. ಒಂದು ಮೀಟರ್ ಉದ್ದದ ಹಲಗೆಗೆ ಅದನ್ನು ಯು ಆಕಾರದಲ್ಲಿ ಕಟ್ಟಿ. ಎರಡೂ ತುದಿ ಮೇಲಿಂದ ಗಾಡಿಯ ಕಡೆ ಹೋಗಲಿ, ಅಲ್ಲಿ ಸಿಲಿಂಡರಿಗೊಂದರಂತೆ ಇರುವ ವ್ಯಾಕ್ಯೂಮ್ ತೂತಿನ ರಬ್ಬರ್ ಮುಚ್ಚಳ ತೆಗೆದು ಒಂದೊಂದು ತುದಿ ಸಿಕ್ಕಿಸುವುದು. ಯು ಒಳಗೆ ಅರ್ಧ ಎತ್ತರಕ್ಕೆ ಟೂ-ಟಿ ಆಯಿಲ್ (ಟೂ-ಸ್ಟ್ರೋಕ್ ಗಾಡಿಗೆ ಹಾಕುವ ಎಣ್ಣೆ) ತುಂಬಿ. ಬಣ್ಣ ಇರುವುದರಿಂದ ಚೆನ್ನಾಗಿ ಕಾಣುತ್ತದೆ, ಅಕಸ್ಮಾತ್ ಎಂಜಿನ್ ಒಳಗೆ ಹೋದರೂ ಹೊಗೆಯಾಗಿ ಸುಟ್ಟುಹೋಗುತ್ತದೆ. ಸುಮ್ಮನಿಟ್ಟಾಗ ಎರಡೂ ಕಡೆ ಎಣ್ಣೆ ಒಂದೇ ಎತ್ತರಕ್ಕೆ ನಿಂತರೆ ಸಾಧನ ಸಿದ್ಧ. ಇಲ್ಲಿ ಗೇಜ್ ಸರಿಯೋ ತಪ್ಪೋ ಎಂಬ ಅನುಮಾನವೇ ಇಲ್ಲ, ಎರಡೂ ಕಡೆ ಇರುವುದು ಒಂದೇ ಎಣ್ಣೆ.

ಇದು ಎಷ್ಟು ಸೂಕ್ಷ್ಮ ಎಂದು ಲೆಕ್ಕ ಹಾಕಿ ನೋಡೋಣ. ಕವಾಸಾಕಿ ಮ್ಯಾನ್ಯುಯಲ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ 2.7 ಕಿಲೋಪ್ಯಾಸ್ಕಲ್, ಅಂದರೆ 2 ಸೆಂ.ಮೀ. ಪಾದರಸ. ಎರಡು ಸಿಲಿಂಡರ್ ನಡುವೆ ವ್ಯತ್ಯಾಸ ಇದಕ್ಕಿಂತ ಕಡಿಮೆ ಇರಬೇಕು. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಹಾಗಾಗಿ 2 ಸೆಂ.ಮೀ. ಪಾದರಸ ಅಂದರೆ ನೀರಿನಲ್ಲಿ 27 ಸೆಂ.ಮೀ. ಎಣ್ಣೆ ನೀರಿಗಿಂತ ಹಗುರ, ಅದರಲ್ಲಿ ಸುಮಾರು 31 ಸೆಂ.ಮೀ. ಮುಳ್ಳಿನ ಗೇಜ್‌ನಲ್ಲಿ ಮುಳ್ಳು ಚೂರು ಸರಿದಂತೆ ಕಾಣುವ ವ್ಯತ್ಯಾಸ ನಿಮ್ಮ ಹಲಗೆಯ ಮೇಲೆ ಒಂದು ಅಡಿ! ನೀವು ಎರಡು ಎಣ್ಣೆ ಮಟ್ಟವನ್ನು 3 ಸೆಂ.ಮೀ. ಒಳಗೆ ತಂದರೆ ಕಂಪನಿಯ ಮಿತಿಗಿಂತ ಹತ್ತು ಪಟ್ಟು ಹತ್ತಿರ ಬಂದಿರುತ್ತೀರಿ. ಅದಕ್ಕಿಂತ ಒದ್ದಾಡುವ ಅಗತ್ಯ ಇಲ್ಲ.

ಇನ್ನೊಂದು ಅನುಕೂಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಅಲ್ಲಿ ಗಾಳಿಯ ಒತ್ತಡವೇ ಮಂಗಳೂರಿಗಿಂತ ಕಡಿಮೆ. ಗೇಜ್ ತೋರಿಸುವ ಅಂಕಿ ಎರಡೂ ಊರಲ್ಲಿ ಒಂದೇ ಇರುವುದಿಲ್ಲ. ಯು ಪೈಪ್‌ಗೆ ಅದರ ಗೊಡವೆ ಇಲ್ಲ. ಅದು ಒಟ್ಟು ವ್ಯಾಕ್ಯೂಮ್ ಎಷ್ಟು ಎಂದು ಹೇಳುವುದೇ ಇಲ್ಲ, ವ್ಯತ್ಯಾಸ ಮಾತ್ರ ಹೇಳುತ್ತದೆ. ನಮಗೆ ಬೇಕಾಗಿರುವುದೂ ಅಷ್ಟೇ ಅಲ್ವಾ?

ಇಷ್ಟು ಸೂಕ್ಷ್ಮವಾಗಿರುವುದೇ ಇದರ ಅಪಾಯ ಕೂಡ. ಐಡ್ಲಿಂಗ್‌ನಲ್ಲಿ ಒಂದು ಸಿಲಿಂಡರ್ 20 ಸೆಂ.ಮೀ. ಪಾದರಸದಷ್ಟು ಎಳೆಯುತ್ತಿದೆ ಅಂದುಕೊಳ್ಳಿ. ಅದು ಎಣ್ಣೆಯನ್ನು ಮೂರು ಮೀಟರ್ ಎತ್ತಬಲ್ಲದು. ಎಂಜಿನ್ ಓಡುವಾಗ ಒಂದು ಕಡೆಯ ಪೈಪ್ ಕಳಚಿಕೊಂಡರೆ ಹಲಗೆಯ ಎಣ್ಣೆಯೆಲ್ಲ ಇನ್ನೊಂದು ಸಿಲಿಂಡರಿಗೆ ಹೋಗುತ್ತದೆ. ಆದ್ದರಿಂದ ಎರಡೂ ಪೈಪ್ ಬಿಗಿಯಾಗಿ ಹಾಕಿದ ಮೇಲೇ ಸ್ಟಾರ್ಟ್ ಮಾಡಿ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಪೈಪನ್ನು ಬೆರಳಲ್ಲಿ ಮಡಚಿ ಹಿಡಿದಿರಿ, ಆಮೇಲೆ ಮೆಲ್ಲಗೆ ಬಿಡಿ. ಎಣ್ಣೆ ಒಂದೇ ಕಡೆ ಓಡತೊಡಗಿದರೆ ತಕ್ಷಣ ಕಿಲ್ ಸ್ವಿಚ್ ಒತ್ತಿ. ಎಣ್ಣೆ ಕುಣಿಯುತ್ತಿದ್ದರೆ ಮೀನಿನ ತೊಟ್ಟಿಗೆ ಹಾಕುವ ಚಿಕ್ಕ ಏರ್ ವಾಲ್ವ್ ಎರಡು ತಂದು ಎರಡೂ ಪೈಪ್‌ಗೆ ಕೂರಿಸಿ, ಸ್ವಲ್ಪವೇ ತೆರೆದಿಡಿ. ಕುಣಿತ ನಿಲ್ಲುತ್ತದೆ. ಪೈಪ್ ಒಳಗೆ ಗಾಳಿ ಹರಿದು ಹೋಗುವುದಿಲ್ಲವಾದ್ದರಿಂದ ರೀಡಿಂಗ್ ಬದಲಾಗುವುದಿಲ್ಲ.

ಕೆಲಸ ಶುರು: ನಿಂಜಾ 250ಆರ್

ಇದರಲ್ಲಿರುವುದು ಕೇಹಿನ್ ಕಂಪನಿಯ ಸಿವಿ ಕಾರ್ಬುರೇಟರ್. ಎಕ್ಸಲರೇಟರ್ ತಿರುಗಿಸಿದಾಗ ಕೇಬಲ್ ಎಳೆಯುವುದು ದುಂಡನೆಯ ಬಟರ್‌ಫ್ಲೈ ತಗಡನ್ನು. ಮೇಲೆ-ಕೆಳಗೆ ಸರಿಯುವ ಸ್ಲೈಡ್ ಗಾಳಿಯ ಒತ್ತಡಕ್ಕೆ ತಾನೇ ಏಳುತ್ತದೆ. ನಾವು ಸಮ ಮಾಡುವುದು ಬಟರ್‌ಫ್ಲೈಗಳನ್ನು, ಸ್ಲೈಡ್‌ಗಳನ್ನಲ್ಲ.

ಕಾರ್ಬುರೇಟರ್ ಕ್ಲೀನ್ ಮಾಡಲು ಹೇಗೂ ಬಿಚ್ಚಿದ್ದರೆ ಮೇಜಿನ ಮೇಲೇ ಅರ್ಧ ಕೆಲಸ ಮುಗಿಸಿ. ಎಂಜಿನ್ ಕಡೆಯ ಬಾಯಿಯಿಂದ ಒಳಗೆ ನೋಡಿ. ಬಟರ್‌ಫ್ಲೈ ಅಂಚಿನ ಹತ್ತಿರ ಗೋಡೆಯಲ್ಲಿ ಸೂಜಿಮೊನೆಯಂಥ ತೂತುಗಳಿವೆ, ಬೈಪಾಸ್ ತೂತು. ಐಡ್ಲ್ ಸ್ಕ್ರೂ ತಿರುಗಿಸಿ ಒಂದರಲ್ಲಿ ತಗಡಿನ ಅಂಚು ಮೊದಲ ತೂತಿನ ತುದಿ ಮುಟ್ಟುವ ಹಾಗೆ ನಿಲ್ಲಿಸಿ. ಎರಡರ ನಡುವಿನ ಸಿಂಕ್ ಸ್ಕ್ರೂ ತಿರುಗಿಸಿ ಇನ್ನೊಂದನ್ನೂ ಅದೇ ಜಾಗಕ್ಕೆ ತನ್ನಿ. ಹಿಂದೆ ಬಲ್ಬ್ ಹಿಡಿದರೆ ಎರಡೂ ಕಡೆ ತೂರಿ ಬರುವ ಬೆಳಕಿನ ಗೆರೆ ಒಂದೇ ದಪ್ಪ ಕಾಣಬೇಕು. ಇಷ್ಟು ಮಾಡಿ ಕೂರಿಸಿದರೆ ಹಲಗೆಯ ಎಣ್ಣೆ ಓಡಿಹೋಗುವ ಭಯವೂ ಕಡಿಮೆ.

ಕೂರಿಸಿದ ಮೇಲೆ ಗಾಡಿ ಒಂದು ಸುತ್ತು ಓಡಿಸಿ ಬಿಸಿ ಮಾಡಿ. ಈ ಕೆಲಸವನ್ನು ಬಯಲಲ್ಲೇ ಮಾಡಿ, ಶಟರ್ ಎಳೆದ ಗ್ಯಾರೇಜಿನಲ್ಲಿ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಂದದ್ದೇ ಗೊತ್ತಾಗುವುದಿಲ್ಲ. ಟ್ಯಾಂಕ್ ಎತ್ತಿದ್ದರೆ ಪೆಟ್ರೋಲನ್ನು ಬೇರೆ ಸಣ್ಣ ಟ್ಯಾಂಕ್‌ನಿಂದ ಕೊಡಿ. ಅದು ಕಾರ್ಬುರೇಟರಿಗಿಂತ ಮೇಲೆ, ಬಿಸಿ ಪೈಪ್‌ನಿಂದ ದೂರ ಇರಲಿ. ಏರ್-ಕೂಲ್ಡ್ ಗಾಡಿಯಾದರೆ ಮುಂದೆ ಒಂದು ದೊಡ್ಡ ಫ್ಯಾನ್ ಇಡಿ.

ಐಡ್ಲಿಂಗ್ ಅನ್ನು 1,300 ಆರ್‌ಪಿಎಂಗೆ ಇಟ್ಟು ಹಲಗೆ ನೋಡಿ. ಹೊಸಬರು ತಲೆ ಕೆಡಿಸಿಕೊಳ್ಳುವುದು ಇಲ್ಲೇ, ನಿಧಾನಕ್ಕೆ ಓದಿ. ಎಣ್ಣೆ ಯಾವ ಕಡೆ ಮೇಲೇರಿದೆಯೋ ಆ ಕಡೆ ವ್ಯಾಕ್ಯೂಮ್ ಜಾಸ್ತಿ. ವ್ಯಾಕ್ಯೂಮ್ ಜಾಸ್ತಿ ಅಂದರೆ ಆ ಕಡೆಯ ಬಟರ್‌ಫ್ಲೈ ಹೆಚ್ಚು ಮುಚ್ಚಿದೆ. ಬಾಗಿಲು ಮುಚ್ಚಿದೆ, ಪಿಸ್ಟನ್ ಎಳೆಯುತ್ತಲೇ ಇದೆ, ಒಳಗೆ ಗಾಳಿ ಸಾಲದೆ ಒತ್ತಡ ಬೀಳುತ್ತದೆ. ಆದ್ದರಿಂದ ಎಣ್ಣೆ ಏರಿದ ಕಡೆಯದನ್ನು ತೆರೆಯಬೇಕು. ಸಿಂಕ್ ಸ್ಕ್ರೂ ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಗೇ ತಿರುಗಿಸಬೇಡಿ. ತಿರುಗಿಸಿದ ಮೇಲೆ ಚಿಕ್ಕದೊಂದು ರೇಸ್ ಕೊಟ್ಟು ಬಿಡಿ. ಲಿಂಕ್‌ನ ಸಡಿಲ, ಸ್ಪ್ರಿಂಗ್ ಎಲ್ಲ ತಮ್ಮ ಜಾಗಕ್ಕೆ ಕೂರುತ್ತವೆ, ಆಮೇಲೆ ಕಾಣುವುದೇ ನಿಜವಾದ ರೀಡಿಂಗ್. ಮಧ್ಯೆ ಐಡ್ಲಿಂಗ್ ಏರುತ್ತದೆ, ಇಳಿಯುತ್ತದೆ. ಪ್ರತಿ ಸಲ 1,300ಕ್ಕೆ ವಾಪಸ್ ತಂದು ನೋಡಿ.

ಐಡ್ಲಿಂಗ್‌ನಲ್ಲಿ ಸಮ ಆದ ಮೇಲೆ ಎಂಜಿನ್ ಅನ್ನು 3,000ದ ಹತ್ತಿರ ಹಿಡಿದು ಇನ್ನೊಮ್ಮೆ ನೋಡಿ. ಅಲ್ಲೂ ಹೆಚ್ಚುಕಡಿಮೆ ಸಮ ಇದ್ದರೆ ಮುಗಿಯಿತು. ಐಡ್ಲಿಂಗ್‌ನಲ್ಲಿ ಸರಿ, ಮೇಲೆ ಹೋದಾಗ ತಪ್ಪು ಅಂದರೆ ಲಿಂಕ್ ಅಥವಾ ಬಟರ್‌ಫ್ಲೈ ಶಾಫ್ಟ್ ಸವೆದಿರುವ ಸಾಧ್ಯತೆ ಇದೆ. ಅದನ್ನು ಸ್ಕ್ರೂ ತಿರುಗಿಸಿ ಸರಿ ಮಾಡಲಾಗದು. ಪೈಪ್ ತೆಗೆದ ಮೇಲೆ ವ್ಯಾಕ್ಯೂಮ್ ತೂತಿನ ರಬ್ಬರ್ ಮುಚ್ಚಳ ಮರೆಯದೆ ಹಾಕಿ.

ನಾಲ್ಕು ಸಿಲಿಂಡರ್ ಗಾಡಿಗೂ ಇದೇ ಹಲಗೆ ನಡೆಯುತ್ತದೆ, ಎರಡೆರಡು ಹೋಲಿಸಿದರಾಯಿತು. ಹಲವು ಗಾಡಿಗಳಲ್ಲಿ ಎಡದ ಜೋಡಿ, ಬಲದ ಜೋಡಿ, ಕೊನೆಗೆ ನಡುವಿನ ಸ್ಕ್ರೂನಿಂದ ಎರಡು ಜೋಡಿಗಳನ್ನು ಸಮ ಮಾಡುವ ಕ್ರಮ. ಕೆಲವು ಹೊಂಡಾಗಳಲ್ಲಿ ಒಂದು ಕಾರ್ಬುರೇಟರಿಗೆ ಸ್ಕ್ರೂ ಇರುವುದಿಲ್ಲ, ಉಳಿದ ಮೂರನ್ನು ಅದಕ್ಕೇ ಹೊಂದಿಸಬೇಕು. 1969ರ ಮೊದಲ ಸಿಬಿ 750ಗಳಲ್ಲಿ ನಾಲ್ಕು ಕಾರ್ಬುರೇಟರಿಗೆ ನಾಲ್ಕು ಬೇರೆ ಕೇಬಲ್ ಇದ್ದವು. ಕೇಬಲ್ ಒಂದೊಂದು ಒಂದೊಂದು ರೀತಿ ಹಿಗ್ಗುತ್ತದೆ. ಹೊಂಡಾ ಬೇಗನೆ ಅದನ್ನು ಬಿಟ್ಟು ನಾಲ್ಕನ್ನೂ ಒಂದೇ ಲಿಂಕ್‌ಗೆ ಜೋಡಿಸಿತು.

ಆರ್‌ಡಿಯ ದಾರಿ ಬೇರೆ

ಎಸ್ಕಾರ್ಟ್ಸ್ 1983ರಲ್ಲಿ ತಂದ ಈ ಟೂ-ಸ್ಟ್ರೋಕ್ ಗಾಡಿಯಲ್ಲಿ ಎರಡು ಕಾರ್ಬುರೇಟರಿಗೆ ಎರಡು ಕೇಬಲ್, ಸ್ಲೈಡ್ ಅನ್ನು ನೇರವಾಗಿ ಎಳೆಯುತ್ತವೆ. ಇಲ್ಲಿ ಹಲಗೆ ಬೇಡ, ಕಿವಿ ಮತ್ತು ಬೆರಳು ಸಾಕು.

ಫಿಲ್ಟರ್ ಕಡೆಯ ರಬ್ಬರ್ ಕಳಚಿ. ಎಂಜಿನ್ ಆಫ್ ಇರಲಿ. ಎಕ್ಸಲರೇಟರ್ ಸ್ವಲ್ಪ ತಿರುಗಿಸಿ ಪಟ್ಟನೆ ಬಿಡಿ. ಸ್ಲೈಡ್‌ಗಳು ಕೆಳಗೆ ಬಿದ್ದು ಟಕ್ ಅನ್ನುತ್ತವೆ. ಒಂದೇ ಟಕ್ ಕೇಳಿಸಬೇಕು. ಟ-ಟಕ್ ಎಂದು ಎರಡು ಕೇಳಿದರೆ ಒಂದು ಮೊದಲು ಬಿದ್ದು ಇನ್ನೊಂದು ಆಮೇಲೆ ಬೀಳುತ್ತಿದೆ. ಈಗ ಎರಡೂ ಬಾಯಿಗೆ ಒಂದೊಂದು ಬೆರಳು ಇಟ್ಟು, ಎಕ್ಸಲರೇಟರನ್ನು ಗೆಳೆಯರ ಕೈಲಿ ಬಲು ನಿಧಾನಕ್ಕೆ ತಿರುಗಿಸಿ. ಎರಡೂ ಸ್ಲೈಡ್ ಬೆರಳಿನಡಿ ಒಂದೇ ಕ್ಷಣಕ್ಕೆ ಏಳುವ ತನಕ ಕೇಬಲ್ ಅಡ್ಜಸ್ಟರ್ ತಿರುಗಿಸಿ.

ಐಡ್ಲಿಂಗ್‌ಗೆ ಎರಡು ಬೇರೆ ಸ್ಕ್ರೂ. ಎಂಜಿನ್ ಆಫ್ ಮಾಡಿ ಒಂದು ಪ್ಲಗ್‌ನ ಕ್ಯಾಪ್ ತೆಗೆಯಿರಿ. ಆ ಕ್ಯಾಪ್‌ಗೆ ಬೇರೊಂದು ಪ್ಲಗ್ ಹಾಕಿ, ಪೆಟ್ರೋಲ್‌ನಿಂದ ದೂರ, ಎಂಜಿನ್ ಲೋಹಕ್ಕೆ ತಾಗಿಸಿ ಅರ್ಥ್ ಮಾಡಿ. ಉಳಿದ ಒಂದರ ಮೇಲೆ ಗಾಡಿ ಓಡಿಸಿ ಆರ್‌ಪಿಎಂ ನೋಡಿ, ಆಮೇಲೆ ಇನ್ನೊಂದು ಕಡೆ ಇದೇ ರೀತಿ. ಎರಡೂ ಸಿಲಿಂಡರ್ ಒಂಟಿಯಾಗಿ ಒಂದೇ ವೇಗಕ್ಕೆ ಬರುವ ಹಾಗೆ ಸ್ಕ್ರೂ ಹೊಂದಿಸಿ, ಕೊನೆಗೆ ಎರಡೂ ಸ್ಕ್ರೂಗಳನ್ನು ಸಮನಾಗಿ ತಿರುಗಿಸಿ ಐಡ್ಲಿಂಗ್ ಇಳಿಸಿ. ಹ್ಯಾಂಡಲ್ ಎರಡೂ ತುದಿಗೆ ತಿರುಗಿಸಿದಾಗ ಐಡ್ಲಿಂಗ್ ಏರಬಾರದು. ಏರಿದರೆ ಕೇಬಲ್ ಎಲ್ಲೋ ಬಿಗಿಯಿದೆ, ಫ್ರೀ ಪ್ಲೇ (ಸ್ವಲ್ಪ ಸಡಿಲ) ಕೊಡಿ.

ಆಯಿಲ್ ಪಂಪ್ ಇನ್ನೂ ಕೆಲಸ ಮಾಡುತ್ತಿರುವ ಆರ್‌ಡಿ ನಿಮ್ಮದಾದರೆ ಇಲ್ಲಿಗೇ ನಿಲ್ಲಿಸಬೇಡಿ. ಪಂಪಿನ ಕೇಬಲ್ ಕೂಡ ಇದೇ ಎಕ್ಸಲರೇಟರಿಗೆ ಕಟ್ಟಿದೆ. ಕಾರ್ಬುರೇಟರ್ ಕೇಬಲ್ ಬದಲಾದ ಮೇಲೆ ಪಂಪಿನ ಗಾಲಿಯ ಗುರುತು ಪಿನ್‌ಗೆ ಸರಿಯಾಗಿ ಬರುತ್ತಿದೆಯೇ ಎಂದು ಮ್ಯಾನ್ಯುಯಲ್ ಹೇಳಿದಂತೆ ನೋಡಿ, ತಪ್ಪಿದ್ದರೆ ಪಂಪಿನ ಅಡ್ಜಸ್ಟರ್‌ನಿಂದ ಸರಿ ಮಾಡಿ. ಕಾರ್ಬುರೇಟರ್ ಎಷ್ಟೇ ಚೆನ್ನಾಗಿ ಸಮ ಆಗಿದ್ದರೂ, ಆಯಿಲ್ ಕಡಿಮೆ ಬಿದ್ದರೆ ಪಿಸ್ಟನ್ ಸೀಜ್ ಆಗುತ್ತದೆ.